ಜಿ. ಎನ್. ರಾಮಚಂದ್ರನ್: ಪ್ರೋಟೀನಿನ ತಿರುವುಗಳಿಗೆ ನಕ್ಷೆ ಬರೆದವರು



ಈ ಪುಟದಲ್ಲಿ ಸಾಮಾನ್ಯವಾಗಿ ಸಾಹಿತಿಗಳು, ಏಕೀಕರಣಕ್ಕೆ ದುಡಿದವರು, ಗಡಿನಾಡಿನ ಶಾಲೆಗಳನ್ನು ಉಳಿಸಿದವರು ಇಂಥವರ ಪರಿಚಯ ಇರುತ್ತದೆ. ಈ ಸಲ ಒಬ್ಬ ವಿಜ್ಞಾನಿಯ ಜೀವನವನ್ನು ಆರಿಸಿಕೊಂಡಿದ್ದೇವೆ. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪ್ರೋಟೀನ್‌ಗಳ ವಿಷಯದಲ್ಲಿ ಕೆಲಸ ಮಾಡಿದ ಮೂವರಿಗೆ ಬಂತು. ಅದರಲ್ಲಿ ಅರ್ಧ ಭಾಗ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರದು. ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿದವರು ಇವರು. ಉಳಿದರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರದು. ಪತ್ರಿಕೆಗಳಲ್ಲಿ ಕೃತಕ ಬುದ್ಧಿಮತ್ತೆಯ ಗೆಲುವು ಎಂದು ದೊಡ್ಡ ಅಕ್ಷರದಲ್ಲಿ ಬಂತು. ಆದರೆ ಹಾಗೆ ಊಹಿಸಿದ ಆಕಾರ ಸರಿಯೋ ತಪ್ಪೋ ಎಂದು ತಾಳೆ ನೋಡಲು ಪ್ರಪಂಚದ ಎಲ್ಲ ಪ್ರಯೋಗಾಲಯಗಳೂ ಇಂದಿಗೂ ಬಳಸುವ ಒಂದು ನಕ್ಷೆ 1963ರಲ್ಲಿ ಮದ್ರಾಸಿನಲ್ಲಿ ತಯಾರಾಯಿತು ಎಂಬುದನ್ನು ಬರೆದವರು ಕಡಿಮೆ. ಆ ನಕ್ಷೆಗೆ ರಾಮಚಂದ್ರನ್ ನಕ್ಷೆ ಎಂದೇ ಹೆಸರು.

ಅವರು ಕನ್ನಡಿಗರಲ್ಲ. ಹುಟ್ಟಿದ್ದು ಕೇರಳದ ಎರ್ನಾಕುಲಂನಲ್ಲಿ, ಮನೆತನ ತಿರುನೆಲ್ವೇಲಿ ಸೀಮೆಯದು. ವಿಜ್ಞಾನಿಯಾಗಿ ರೂಪುಗೊಂಡದ್ದು ಬೆಂಗಳೂರಿನಲ್ಲಿ, ಹೆಸರು ಮಾಡಿದ್ದು ಮದ್ರಾಸಿನಲ್ಲಿ, ಮತ್ತೆ ಬಂದು ದೊಡ್ಡ ವಿಭಾಗವೊಂದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಓದಿಗೆ ಒಂದು ರಾಜ್ಯ, ನೌಕರಿಗೆ ಇನ್ನೊಂದು ರಾಜ್ಯ ಎಂದು ಓಡಾಡುವುದು ನಮ್ಮ ಗಡಿಯೂರುಗಳ ಮನೆಮನೆಯ ಕಥೆ. ಅಂಥ ಓಡಾಟದ ಜೀವನವೊಂದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಮ್ಮ ಮಕ್ಕಳು ತಿಳಿಯಲಿ ಎಂಬುದೇ ಈ ಲೇಖನದ ಆಶಯ.

ಎರ್ನಾಕುಲಂನಿಂದ ಬೆಂಗಳೂರಿಗೆ

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು. ತಂದೆ ನಾರಾಯಣ ಅಯ್ಯರ್ ಎರ್ನಾಕುಲಂನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯಲ್ಲೇ ಗಣಿತ ಇದ್ದುದರಿಂದ ಹುಡುಗನಿಗೆ ಲೆಕ್ಕವೆಂದರೆ ಆಟ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಮುಗಿಸಿದರು.

1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಮನಸ್ಸು ಇದ್ದದ್ದು ಭೌತಶಾಸ್ತ್ರದಲ್ಲಿ. ಆ ವಿಭಾಗದ ಮುಖ್ಯಸ್ಥರು ಸರ್ ಸಿ. ವಿ. ರಾಮನ್. ಈ ಹುಡುಗ ಎಂಜಿನಿಯರಿಂಗ್‌ಗೆ ಬೇಕಾದುದಕ್ಕಿಂತ ಹೆಚ್ಚು ಚುರುಕು, ಆದ್ದರಿಂದ ಅವನನ್ನು ನಮ್ಮ ವಿಭಾಗಕ್ಕೆ ತೆಗೆದುಕೊಳ್ಳುತ್ತೇನೆ ಎಂದು ರಾಮನ್ ಆ ವಿಭಾಗದ ಮುಖ್ಯಸ್ಥರಿಗೆ ತಿಳಿಸಿದರಂತೆ. ಈ ಕಥೆಯನ್ನು ವಿಜ್ಞಾನ ವಲಯದಲ್ಲಿ ಈಗಲೂ ಹೇಳುತ್ತಾರೆ.

ರಾಮನ್ ಅವರ ಕೈಕೆಳಗೆ ಬೆಳಕು, ಹರಳುಗಳು, ಎಕ್ಸ್-ರೇ ಇವುಗಳ ಮೇಲೆ ಕೆಲಸ ಮಾಡಿದರು. ವಜ್ರದ ಒಳರಚನೆಯನ್ನು ಎಕ್ಸ್-ರೇ ಚಿತ್ರಗಳಿಂದ ಅಧ್ಯಯನ ಮಾಡಿದ್ದೂ ಆಗಲೇ. ಬೆಂಗಳೂರಿನಲ್ಲಿದ್ದುಕೊಂಡೇ ಮದ್ರಾಸ್ ವಿಶ್ವವಿದ್ಯಾಲಯದಿಂದ 1947ರಲ್ಲಿ ಡಿ.ಎಸ್ಸಿ. ಪಡೆದರು. ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಹೋಗಿ ಎರಡು ವರ್ಷದಲ್ಲಿ ಪಿಎಚ್.ಡಿ. ಮುಗಿಸಿದರು. 1949ರಲ್ಲಿ ಬೆಂಗಳೂರಿಗೆ ಹಿಂತಿರುಗಿ ಪಾಠ ಮಾಡತೊಡಗಿದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹೊಸದಾಗಿ ಭೌತಶಾಸ್ತ್ರ ವಿಭಾಗ ತೆರೆಯಿತು. ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರಿಗೆ ರಾಮನ್ ಸೂಚಿಸಿದ ಹೆಸರು ತಮ್ಮ ಶಿಷ್ಯನದು. ಹಾಗೆ 29ನೇ ವಯಸ್ಸಿನಲ್ಲಿ ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಮದ್ರಾಸಿನಲ್ಲಿ ಮೂರೆಳೆಯ ಹಗ್ಗ

ಹೊಸ ವಿಭಾಗದಲ್ಲಿ ಏನು ಸಂಶೋಧನೆ ಮಾಡಬೇಕೆಂದು ಯೋಚಿಸುತ್ತಿದ್ದಾಗ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದರು. ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ಎಂದು ಅವರಿಂದ ತಿಳಿಯಿತು. ರಾಮಚಂದ್ರನ್ ಅದನ್ನೇ ಹಿಡಿದರು.

ಇಲ್ಲಿ ಪ್ರೋಟೀನ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಶಾಲೆಯ ಪಾಠದಲ್ಲಿ ಸಸಾರಜನಕ ಎಂದು ಓದಿದ್ದೆವಲ್ಲ, ಅದೇ. ಬೇಳೆಯಲ್ಲಿ, ಮೊಟ್ಟೆಯಲ್ಲಿ ಇರುವುದಷ್ಟೇ ಅಲ್ಲ, ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದೂ ಪ್ರೋಟೀನ್, ಉಂಡ ಅನ್ನವನ್ನು ಅರಗಿಸುವುದೂ ಪ್ರೋಟೀನ್. ಒಂದೊಂದು ಪ್ರೋಟೀನೂ ಮಣಿಸರದಂತೆ ಒಂದು ಉದ್ದ ಸರಪಳಿ. ಮಣಿಗಳಿಗೆ ಅಮೈನೋ ಆಮ್ಲ ಎಂದು ಹೆಸರು, ಅವುಗಳಲ್ಲಿ ಮುಖ್ಯವಾಗಿ 20 ಬಗೆ. ಯಾವ ಮಣಿಯ ಮುಂದೆ ಯಾವ ಮಣಿ ಎಂಬ ಸಾಲು ಬದಲಾದರೆ ಪ್ರೋಟೀನೇ ಬೇರೆ. ಈ ಸರ ಉದ್ದಕ್ಕೆ ಬಿದ್ದಿರುವುದಿಲ್ಲ. ತಿರುಚಿ, ಮಡಚಿ, ತನ್ನದೇ ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಇದ್ದರೆ ಮಾತ್ರ ಕೆಲಸ ನಡೆಯುತ್ತದೆ.

ಒಂದು ಮಣಿ ತಪ್ಪಿದರೂ ಏನಾಗಬಹುದು ಎಂಬುದಕ್ಕೆ ನಮ್ಮ ವಯನಾಡು, ನೀಲಗಿರಿಯ ಸದಸ್ಯರಿಗೆ ಉದಾಹರಣೆ ಹುಡುಕಬೇಕಿಲ್ಲ. ಅಲ್ಲಿಯ ಬುಡಕಟ್ಟು ಜನರಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ಕಾಯಿಲೆಗೆ ಮೂಲ ರಕ್ತದ ಹಿಮೋಗ್ಲೋಬಿನ್‌ನ 146 ಮಣಿಗಳ ಒಂದು ಸರದಲ್ಲಿ ಒಂದೇ ಒಂದು ಮಣಿ ಬದಲಾಗಿರುವುದು. ಅಷ್ಟಕ್ಕೇ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಎಳೆಗಳಾಗುತ್ತವೆ, ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಮನುಷ್ಯ ನೋವಿನಲ್ಲಿ ನರಳುತ್ತಾನೆ.

ಕೊಲಾಜನ್ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಪ್ರೋಟೀನ್. ಚರ್ಮ ಹದಮಾಡಿದಾಗ ಉಳಿಯುವುದು ಮುಖ್ಯವಾಗಿ ಇದೇ. ಮದ್ರಾಸಿನಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದ್ದುದು ಅನುಕೂಲವಾಯಿತು. ಕಾಂಗರೂ ಬಾಲದ ಸ್ನಾಯುರಜ್ಜುವಿನಿಂದಲೂ ಎಕ್ಸ್-ರೇ ಚಿತ್ರ ತೆಗೆದರು. ಜೊತೆಗಿದ್ದವರು ಗೋಪಿನಾಥ ಕರ್ತಾ. ಚಿತ್ರದಲ್ಲಿ ಕಾಣುವುದು ಕಪ್ಪು ಚುಕ್ಕೆಗಳು, ಮಚ್ಚೆಗಳು ಮಾತ್ರ. ಅವುಗಳ ದೂರ ಅಳೆದು, ಯಾವ ಆಕಾರದಿಂದ ಇಂಥ ಮಚ್ಚೆ ಬೀಳಬಹುದು ಎಂದು ಲೆಕ್ಕ ಹಾಕಬೇಕು.

1954ರಲ್ಲಿ ಇಬ್ಬರೂ ಸೇರಿ ನೇಚರ್ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕೊಲಾಜನ್ ಒಂದು ಎಳೆಯಲ್ಲ, ಮೂರು ಎಳೆ. 1955ರಲ್ಲಿ ಅದನ್ನು ಇನ್ನಷ್ಟು ತಿದ್ದಿದರು. ಮೂರೂ ಎಳೆಗಳು ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದರು. ತೆಂಗಿನ ನಾರನ್ನು ಹುರಿ ಮಾಡಿ ಮೂರೆಳೆಯ ಹಗ್ಗ ಹೊಸೆಯುವುದನ್ನು ಕಾಸರಗೋಡಿನವರು ನೋಡಿಯೇ ಇರುತ್ತಾರೆ. ಹೆಚ್ಚು ಕಡಿಮೆ ಅದೇ ಉಪಾಯ. ಹುರಿಯ ಒಳಗಡೆ ಜಾಗ ಬಹಳ ಇಕ್ಕಟ್ಟು. ಎಲ್ಲಕ್ಕಿಂತ ಚಿಕ್ಕ ಮಣಿಯಾದ ಗ್ಲೈಸೀನ್ ಮಾತ್ರ ಅಲ್ಲಿ ಹಿಡಿಸುತ್ತದೆ. ಕೊಲಾಜನ್‌ನಲ್ಲಿ ಪ್ರತಿ ಮೂರನೆಯ ಮಣಿ ಗ್ಲೈಸೀನ್ ಯಾಕೆ ಎಂಬ ಹಳೆಯ ಒಗಟು ಇದರಿಂದ ಬಿಡಿಸಿತು. ಆ ಜಾಗದಲ್ಲಿ ಬೇರೆ ದೊಡ್ಡ ಮಣಿ ಬಂದರೆ ಹಗ್ಗ ಸಡಿಲವಾಗುತ್ತದೆ. ಮಕ್ಕಳ ಮೂಳೆ ಸುಮ್ಮಸುಮ್ಮನೆ ಮುರಿಯುವ ಒಂದು ಹುಟ್ಟು ಕಾಯಿಲೆಗೆ ಅನೇಕ ಸಲ ಇದೇ ಕಾರಣ ಎಂದು ಮುಂದೆ ಗೊತ್ತಾಯಿತು.

ಆಕ್ಷೇಪಣೆಗೆ ಕೊಟ್ಟ ಉತ್ತರ

1955ರಲ್ಲೇ ಕೇಂಬ್ರಿಜ್‌ನಿಂದ ಆಕ್ಷೇಪಣೆ ಬಂತು. ಬರೆದವರು ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್. ಕ್ರಿಕ್ ಎಂದರೆ ಎರಡು ವರ್ಷದ ಹಿಂದಷ್ಟೇ ಡಿ.ಎನ್.ಎ. ರಚನೆಯಿಂದ ಹೆಸರಾದವರು. ಮೂರೆಳೆ ಎಂಬುದನ್ನು ಅವರು ಒಪ್ಪಿದರು. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ, ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಮೂರು ಮಣಿಗೆ ಎರಡಲ್ಲ, ಒಂದೇ ಇರಬೇಕು ಎಂದರು. ಪಠ್ಯಪುಸ್ತಕಗಳಲ್ಲಿ ಶ್ರೇಯಸ್ಸು ಬಹಳ ಕಾಲ ಹಂಚಿಹೋಯಿತು.

ಇಂಥ ಸಂದರ್ಭದಲ್ಲಿ ಪತ್ರ ವ್ಯವಹಾರದಲ್ಲೇ ಜೀವನ ಕಳೆಯುವವರಿದ್ದಾರೆ. ರಾಮಚಂದ್ರನ್ ಪ್ರಶ್ನೆಯನ್ನೇ ದೊಡ್ಡದು ಮಾಡಿದರು. ಎರಡು ಪರಮಾಣುಗಳು ತೀರಾ ಹತ್ತಿರ ಎನ್ನಬೇಕಾದರೆ ಎಷ್ಟು ಹತ್ತಿರ? ಅದನ್ನು ನಿರ್ಧರಿಸಿದವರು ಯಾರು? ಆಗ ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇರಲಿಲ್ಲ. ಅಳತೆಗೋಲನ್ನೇ ಮಾಡಿಬಿಡೋಣ ಎಂದು ಹೊರಟರು. ಅದು ಎದುರಾಳಿಗೂ ಅನ್ವಯಿಸಬೇಕು, ತಮಗೂ ಅನ್ವಯಿಸಬೇಕು.

ಅಲ್ಲಿಯವರೆಗೆ ರಚನೆ ತಿಳಿದಿದ್ದ ಸಣ್ಣ ಅಣುಗಳ ಹರಳುಗಳ ವರದಿಗಳನ್ನೆಲ್ಲ ಕಲೆಹಾಕಿದರು. ಇಂಗಾಲದಿಂದ ಇಂಗಾಲಕ್ಕೆ, ಇಂಗಾಲದಿಂದ ಆಮ್ಲಜನಕಕ್ಕೆ, ಸಾರಜನಕದಿಂದ ಜಲಜನಕಕ್ಕೆ, ಹೀಗೆ ಪ್ರತಿ ಜೋಡಿಗೂ ಪ್ರಕೃತಿಯಲ್ಲಿ ಕಂಡ ಕನಿಷ್ಠ ದೂರವನ್ನು ಪಟ್ಟಿ ಮಾಡಿದರು. ಒಂದು ಸಾಮಾನ್ಯ ಮಿತಿ, ಇನ್ನೊಂದು ಅಪರೂಪಕ್ಕೆ ಮುಟ್ಟಬಹುದಾದ ಕಟ್ಟಕಡೆಯ ಮಿತಿ. ಈಗ ಸರಪಳಿಯನ್ನು ತಿರುಗಿಸಿ ನೋಡುವುದು ಉಳಿಯಿತು.

ನಕ್ಷೆ

ಸರಪಳಿಯ ತಿರುವನ್ನು ತಿಳಿಯಲು ಒಂದು ಸುಲಭ ಹೋಲಿಕೆ. ಹಳೆಯ ಲಗ್ನಪತ್ರಿಕೆಗಳನ್ನು ಮೂಲೆಯಿಂದ ಮೂಲೆಗೆ ದಾರ ಕಟ್ಟಿ ಸರ ಮಾಡಿ. ಪತ್ರಿಕೆ ಬಾಗುವುದಿಲ್ಲ, ಚಪ್ಪಟೆಯಾಗಿಯೇ ಇರುತ್ತದೆ. ಗಂಟು ಇರುವ ಕಡೆ ಮಾತ್ರ ತಿರುಗುತ್ತದೆ. ಪ್ರೋಟೀನ್ ಸರಪಳಿಯೂ ಹಾಗೆಯೇ. ಎರಡು ಮಣಿ ಸೇರುವ ಭಾಗ ಚಪ್ಪಟೆ ಹಲಗೆಯಂತೆ ಗಟ್ಟಿ. ಪ್ರತಿ ಗಂಟಿನಲ್ಲಿ ಎರಡು ತಿರುವು ಮಾತ್ರ ಸಾಧ್ಯ, ಒಂದು ಹಿಂದಿನ ಹಲಗೆಯದು, ಇನ್ನೊಂದು ಮುಂದಿನದು. ಈ ಎರಡು ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಪ್ರತಿ ಗಂಟಿನ ಫೈ, ಸೈ ಗೊತ್ತಾದರೆ ಇಡೀ ಪ್ರೋಟೀನಿನ ಬೆನ್ನೆಲುಬು ಹೇಗೆ ಬಾಗಿದೆ ಎಂದು ಗೊತ್ತಾದಂತೆ.

ರಾಮಚಂದ್ರನ್ ಒಂದು ಚೌಕ ಹಾಕಿದರು. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ. ಚೌಕದ ಒಂದೊಂದು ಚುಕ್ಕೆಯೂ ಒಂದೊಂದು ಬಗೆಯ ತಿರುವು. ಪ್ರತಿ ಚುಕ್ಕೆಯಲ್ಲೂ ಪರಮಾಣುಗಳ ದೂರ ಲೆಕ್ಕ ಹಾಕಿ, ಯಾವುದಾದರೂ ಜೋಡಿ ಮಿತಿಗಿಂತ ಹತ್ತಿರ ಬಂದರೆ ಆ ಚುಕ್ಕೆಯನ್ನು ಹೊಡೆದುಹಾಕುವುದು. ಈ ಕೆಲಸದಲ್ಲಿ ಜೊತೆಗಿದ್ದವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. ಕೈಯಲ್ಲಿದ್ದದ್ದು ಮೇಜಿನ ಮೇಲಿಡುವ ಲೆಕ್ಕದ ಯಂತ್ರ. ಲೆಡ್ಜರ್ ಬರೆದು, ಕೂಡಿಸಿ, ತಾಳೆಯಾಗದೆ ಮತ್ತೆ ಮೊದಲಿನಿಂದ ಕೂಡಿಸಿದವರಿಗೆ ಆ ಶ್ರಮ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಹೊಡೆದುಹಾಕಿದ ಮೇಲೆ ಚೌಕದ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ನಿಷಿದ್ಧವಾಯಿತು. ಉಳಿದದ್ದು ಕೆಲವು ದ್ವೀಪಗಳು. ಒಂದು ದ್ವೀಪದಲ್ಲಿ ಸರಪಳಿ ಸುರುಳಿಯಾಗುತ್ತದೆ, ಅದಕ್ಕೆ ಆಲ್ಫಾ ಸುರುಳಿ ಎನ್ನುತ್ತಾರೆ. ಇನ್ನೊಂದರಲ್ಲಿ ಚಾಚಿಕೊಂಡ ಪಟ್ಟಿಯಾಗುತ್ತದೆ, ಅದು ಬೀಟಾ ಪಟ್ಟಿ. ಕೊಲಾಜನ್ ಎಳೆಯ ತಿರುವಿಗೂ ಅಲ್ಲಿ ಜಾಗ ಇತ್ತು. ಗ್ಲೈಸೀನ್ ಚಿಕ್ಕದಾದ್ದರಿಂದ ಅದಕ್ಕೆ ಹೆಚ್ಚು ಸ್ವಾತಂತ್ರ್ಯ, ಪ್ರೋಲೀನ್ ಎಂಬ ಮಣಿಗೆ ಬಹಳ ಕಡಿಮೆ. 1963ರಲ್ಲಿ ಇದು ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಐದು ಪುಟಗಳ ಲೇಖನವಾಗಿ ಬಂತು. ಆಗ ಪೂರ್ಣ ವಿವರದಲ್ಲಿ ರಚನೆ ತಿಳಿದಿದ್ದ ಪ್ರೋಟೀನ್‌ಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಮುಂದೆ ಒಂದೊಂದಾಗಿ ರಚನೆಗಳು ಬಂದಂತೆ ಅವುಗಳ ಚುಕ್ಕೆಗಳು ಆ ದ್ವೀಪಗಳ ಮೇಲೆಯೇ ಬೀಳತೊಡಗಿದವು.

ಆ ಅಳತೆಗೋಲು ಅವರ ಸ್ವಂತ ಮಾದರಿಯನ್ನೂ ಬಿಡಲಿಲ್ಲ. ಎಳೆಗಳ ನಡುವೆ ನೇರ ಹೈಡ್ರೋಜನ್ ಬಂಧ ಮೂರು ಮಣಿಗೆ ಒಂದೇ ಎಂಬುದು ಕೊನೆಗೆ ನಿಂತಿತು. ಮೂರೆಳೆಯ ಹುರಿ ಎಂಬ ಮೂಲ ವಿಚಾರ ಮಾತ್ರ ಮದ್ರಾಸಿನದೇ ಆಗಿ ಉಳಿಯಿತು.

ಮತ್ತೆ ಬೆಂಗಳೂರು

1971ರ ಹೊತ್ತಿಗೆ ಅವರು ಬೆಂಗಳೂರಿಗೆ ಹಿಂತಿರುಗಿದ್ದರು. ಸತೀಶ್ ಧವನ್ ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು. ಪ್ರೋಟೀನ್ ರಚನೆಯ ಅಧ್ಯಯನಕ್ಕೆ ಭಾರತದ ದೊಡ್ಡ ಕೇಂದ್ರಗಳಲ್ಲಿ ಅದೂ ಒಂದಾಗಿ ಬೆಳೆಯಿತು. 

ಅದೇ 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಇನ್ನೊಂದು ಲೇಖನ ಪ್ರಕಟಿಸಿದರು. ಹಲವು ದಿಕ್ಕಿನಿಂದ ತೆಗೆದ ಎಕ್ಸ್-ರೇ ನೆರಳುಗಳನ್ನು ಸೇರಿಸಿ ಒಳಗಿನ ಚಿತ್ರವನ್ನು ಕಡಿಮೆ ಲೆಕ್ಕದಲ್ಲಿ ಕಟ್ಟುವ ವಿಧಾನ ಅದು. ಸಿ.ಟಿ. ಸ್ಕ್ಯಾನ್ ಯಂತ್ರಗಳು ದಶಕಗಳ ಕಾಲ ನಂಬಿಕೊಂಡಿದ್ದ ಲೆಕ್ಕದಲ್ಲಿ ಈ ವಿಧಾನಕ್ಕೆ ಪ್ರಮುಖ ಸ್ಥಾನ. ಇಬ್ಬರ ಹೆಸರೂ ಸೇರಿ ಅದರ ಒಂದು ಭಾಗಕ್ಕೆ ರಾಮ್-ಲಾಕ್ ಎಂದೇ ಕರೆಯುತ್ತಾರೆ. ತಲೆಗೆ ಪೆಟ್ಟು ಬಿದ್ದು ಸ್ಕ್ಯಾನ್ ಮಾಡಿಸಿಕೊಂಡ ಎಷ್ಟೋ ಜನ ತಮಗೆ ತಿಳಿಯದೆಯೇ ಅವರ ಋಣಿಗಳು.

ಸಾಲು ಓದಿ ಆಕಾರ ಹೇಳುವ ಪ್ರಯತ್ನ

ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಎಂಬ ವಿಜ್ಞಾನಿ 124 ಮಣಿಗಳ ಒಂದು ಪ್ರೋಟೀನನ್ನು ರಾಸಾಯನಿಕಗಳಿಂದ ಬಿಚ್ಚಿ ಹರಡಿ, ಮತ್ತೆ ಆ ರಾಸಾಯನಿಕ ತೆಗೆದರೆ ಅದು ತಾನಾಗಿ ಮೊದಲಿನ ಆಕಾರಕ್ಕೆ ಬರುವುದನ್ನು ತೋರಿಸಿ 1972ರಲ್ಲಿ ನೊಬೆಲ್ ಪಡೆದರು. ಅಂದರೆ ಆಕಾರದ ಗುಟ್ಟು ಮಣಿಗಳ ಸಾಲಿನಲ್ಲೇ ಇದೆ. ಹಾಗಾದರೆ ಸಾಲು ಓದಿ ಆಕಾರ ಹೇಳಬಹುದಲ್ಲ? ಸೈರಸ್ ಲೆವಿಂಥಾಲ್ 1969ರಲ್ಲೇ ಇದರ ಕಷ್ಟ ತೋರಿಸಿದ್ದರು. 100 ಮಣಿಗಳ ಸರದಲ್ಲಿ ಪ್ರತಿ ಕೋನಕ್ಕೆ ಮೂರೇ ಆಯ್ಕೆ ಎಂದುಕೊಂಡರೂ ಒಟ್ಟು ಸಾಧ್ಯತೆಗಳನ್ನು ಬರೆಯಲು 1ರ ಮುಂದೆ 90ಕ್ಕೂ ಹೆಚ್ಚು ಸೊನ್ನೆ ಬೇಕು. ಒಂದೊಂದಾಗಿ ಪರೀಕ್ಷಿಸುತ್ತ ಕೂತರೆ ಪ್ರಪಂಚದ ಆಯುಸ್ಸು ಸಾಲದು.

ಆದ್ದರಿಂದ ಮೊದಲು ಸಣ್ಣ ಪ್ರಶ್ನೆ ಕೇಳಿದರು. ಈ ಮಣಿ ಸುರುಳಿಯಲ್ಲಿದೆಯೋ, ಪಟ್ಟಿಯಲ್ಲಿದೆಯೋ, ಎರಡರಲ್ಲೂ ಇಲ್ಲವೋ? ರಾಮಚಂದ್ರನ್ ನಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, ಇದು ಯಾವ ದ್ವೀಪದ ನಿವಾಸಿ? 1974ರಲ್ಲಿ ಚೌ ಮತ್ತು ಫಾಸ್‌ಮನ್ ಎಂಬುವರು, ಯಾವ ಮಣಿ ಎಲ್ಲಿ ಹೆಚ್ಚು ಸಿಗುತ್ತದೆ ಎಂದು ಎಣಿಸಿ ಊಹಿಸಿದರು. 1988ರಲ್ಲಿ ಚಿಯಾನ್ ಮತ್ತು ಸೆಜ್ನೋವ್‌ಸ್ಕಿ ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದರು.

ಕಲಿಸುವುದು ಎಂದರೆ ಹೀಗೆ. ಉತ್ತರ ಗೊತ್ತಿರುವ ಪ್ರೋಟೀನ್‌ಗಳ ಸಾಲನ್ನು ತೋರಿಸುತ್ತಾರೆ, ಒಂದು ಸಲಕ್ಕೆ 13 ಮಣಿ. ನಡುವಿನ ಮಣಿ ಯಾವ ಗುಂಪಿನದು ಎಂದು ಯಂತ್ರ ಹೇಳಬೇಕು. ತಪ್ಪಿದರೆ ಒಳಗಿನ ಅಂಕಿಗಳನ್ನು ತುಸು ಬದಲಿಸುತ್ತಾರೆ. ಸಾವಿರಾರು ಸಲ ಹೀಗೆ ತಿದ್ದಿದ ಮೇಲೆ, ಅದು ಎಂದೂ ನೋಡದ ಪ್ರೋಟೀನ್ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಕೊಟ್ಟರೆ ಬಾಯಿಪಾಠವೋ ಕಲಿಕೆಯೋ ತಿಳಿಯುವುದಿಲ್ಲವಲ್ಲ. ಅಂಕ ಬಂದದ್ದು ಶೇಕಡಾ 64ರ ಆಸುಪಾಸು. ಮೇಲೇರದಿರಲು ಒಂದು ಕಾರಣ ಇತ್ತು. ಸರ ಮಡಚಿದಾಗ ಸಾಲಿನಲ್ಲಿ ದೂರವಿದ್ದ ಮಣಿಗಳು ಪಕ್ಕಪಕ್ಕ ಬರುತ್ತವೆ, 13 ಮಣಿಯ ಕಿಟಕಿಯಲ್ಲಿ ಅದು ಕಾಣುವುದಿಲ್ಲ.

1993ರಲ್ಲಿ ರೋಸ್ಟ್ ಮತ್ತು ಸ್ಯಾಂಡರ್ ಹೊಸ ದಾರಿ ಹಿಡಿದರು. ಒಂದೇ ಪ್ರೋಟೀನ್ ಮನುಷ್ಯನಲ್ಲಿ, ದನದಲ್ಲಿ, ಕೋಳಿಯಲ್ಲಿ ಸ್ವಲ್ಪಸ್ವಲ್ಪ ಬೇರೆಯಾಗಿರುತ್ತದೆ. ಅವನ್ನೆಲ್ಲ ಒಂದರ ಕೆಳಗೊಂದು ಬರೆದು ಯಂತ್ರಕ್ಕೆ ಕೊಟ್ಟರೆ, ಎಲ್ಲಿ ಬದಲಾವಣೆಯನ್ನು ಪ್ರಕೃತಿ ಸಹಿಸಿದೆ, ಎಲ್ಲಿ ಸಹಿಸಿಲ್ಲ ಎಂದು ತಿಳಿಯುತ್ತದೆ. ಅಂಕ 70 ದಾಟಿತು. 

ಕೊನೆಯ ವರ್ಷಗಳು

ಈ ಬೆಳವಣಿಗೆಯ ಹೊತ್ತಿಗೆ ರಾಮಚಂದ್ರನ್ ಪ್ರೋಟೀನ್‌ಗಳಿಂದ ದೂರ ಸರಿದು ತರ್ಕಶಾಸ್ತ್ರ ಮತ್ತು ಗಣಿತದ ತತ್ತ್ವದ ಕಡೆ ಹೊರಳಿದ್ದರು. ಸ್ಯಾದ್ವಾದದಂಥ ಭಾರತೀಯ ತರ್ಕಕ್ಕೆ ಗಣಿತದ ರೂಪ ಕೊಡುವ ಪ್ರಯತ್ನ ಮಾಡಿದರು. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿದ್ದವು. ನೊಬೆಲ್ ಬರಲಿಲ್ಲ. ಹರಳು ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟದ ಎವಾಲ್ಡ್ ಪ್ರಶಸ್ತಿ 1999ರಲ್ಲಿ ಬಂತು. ಆಗ ಅವರಿಗೆ ಪಾರ್ಶ್ವವಾಯುವಿನ ಹೊಡೆತ, ಪಾರ್ಕಿನ್‌ಸನ್ ಕಾಯಿಲೆ. ಆರೈಕೆ ಮಾಡುತ್ತಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲೇ ತೀರಿಕೊಂಡಿದ್ದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ಮಗ ರಮೇಶ್ ನಾರಾಯಣ್ ಹಾರ್ವರ್ಡ್‌ನಲ್ಲಿ ಹೆಸರಾಂತ ಖಗೋಳ ವಿಜ್ಞಾನಿ.

ಅವರ ನಂತರ

1994ರಿಂದ ಎರಡು ವರ್ಷಕ್ಕೊಮ್ಮೆ ಪ್ರೋಟೀನ್ ಆಕಾರ ಊಹಿಸುವವರಿಗೆ ಕ್ಯಾಸ್ಪ್ ಎಂಬ ಬಹಿರಂಗ ಪರೀಕ್ಷೆ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಕಂಡುಹಿಡಿದು ಇನ್ನೂ ಪ್ರಕಟಿಸದ ರಚನೆಗಳೇ ಪ್ರಶ್ನೆಪತ್ರಿಕೆ. 2020ರ ಪರೀಕ್ಷೆಯಲ್ಲಿ ಆಲ್ಫಾಫೋಲ್ಡ್‌ನ ಎರಡನೆಯ ಆವೃತ್ತಿ ಎಲ್ಲರನ್ನೂ ಬಹಳ ಹಿಂದೆ ಹಾಕಿತು. ಅದು ಕಲಿತದ್ದು 1971ರಿಂದ ಲೋಕದ ವಿಜ್ಞಾನಿಗಳು ಒಂದೆಡೆ ಜಮಾ ಮಾಡುತ್ತ ಬಂದ ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರದಿಂದ. ಹಲವು ಜೀವಿಗಳ ಸಾಲುಗಳನ್ನು ಒಟ್ಟಿಗೆ ಓದಿ, ಎಲ್ಲೆಲ್ಲಿ ಎರಡು ಮಣಿಗಳು ಜೊತೆಜೊತೆಗೆ ಬದಲಾಗಿವೆಯೋ ಅವು ಮಡಿಕೆಯಲ್ಲಿ ಅಕ್ಕಪಕ್ಕ ಇರಬಹುದು ಎಂಬಂಥ ಸುಳಿವುಗಳನ್ನು ಹಿಡಿಯುತ್ತದೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹೆಯ ಆಕಾರ ಎಲ್ಲರಿಗೂ ಉಚಿತವಾಗಿ ಸಿಗುವಂತಾಯಿತು. ಒಂದು ರಚನೆಗೆ ವರ್ಷಗಟ್ಟಲೆ ದುಡಿಯುತ್ತಿದ್ದ ಕಾಲ ನೋಡಿದವರಿಗೆ ಇದು ಪವಾಡವೇ.

ಆದರೆ ಯಂತ್ರ ಹೇಳಿದ್ದೆಲ್ಲ ನಿಜವಲ್ಲ. ಪ್ರತಿ ಭಾಗದ ಬಗ್ಗೆ ತನಗೆ ಎಷ್ಟು ಭರವಸೆ ಇದೆ ಎಂದು ಆಲ್ಫಾಫೋಲ್ಡ್ ತಾನೇ ಅಂಕ ಕೊಟ್ಟುಕೊಳ್ಳುತ್ತದೆ. ಭರವಸೆ ಕಡಿಮೆ ಇರುವ ಕಡೆ ದಾರ ಜೋತುಬಿದ್ದಂತೆ ಕಾಣುವ ಚಿತ್ರ ಬರುತ್ತದೆ. ಸಿಕಲ್ ಸೆಲ್‌ನಲ್ಲಿ ಆದಂತೆ ಒಂದು ಮಣಿ ಬದಲಾದರೆ ದೇಹದಲ್ಲಿ ಏನಾಗುತ್ತದೆ ಎಂಬುದಕ್ಕೆ ಅದರ ಉತ್ತರವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆದ್ದರಿಂದ ತಾಳೆ ನೋಡಲೇಬೇಕು. ಪ್ರಯೋಗದಿಂದ ಬಂದ ರಚನೆಯಿರಲಿ, ಯಂತ್ರ ಊಹಿಸಿದ ರಚನೆಯಿರಲಿ, ಪ್ರತಿ ಗಂಟಿನ ಫೈ, ಸೈ ಕೋನಗಳನ್ನು ರಾಮಚಂದ್ರನ್ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. ಎಷ್ಟು ಚುಕ್ಕೆ ದ್ವೀಪಗಳ ಒಳಗೆ, ಎಷ್ಟು ನಿಷಿದ್ಧ ಜಾಗದಲ್ಲಿ ಎಂಬುದು ಪರಿಶೀಲನಾ ವರದಿಯಲ್ಲಿ ದಾಖಲಾಗುತ್ತದೆ. ಯಂತ್ರ ಭರವಸೆಯಿಂದ ಹೇಳಿದ ಭಾಗಗಳು ಹೆಚ್ಚಾಗಿ ದ್ವೀಪಗಳ ಒಳಗೇ ಬೀಳುತ್ತವೆ, ತಡವರಿಸಿದ ಭಾಗಗಳು ಹೊರಗೆ ಚೆಲ್ಲಿರುತ್ತವೆ.

ಕಚೇರಿಯಲ್ಲಿ ಖಾತೆ ಬರೆಯುವವನೇ ಖಾತೆ ತಪಾಸಣೆ ಮಾಡುವಂತಿಲ್ಲ. ತಪಾಸಣೆಗೆ ಬೇರೆ ಆಧಾರ ಬೇಕು. ಯಂತ್ರಗಳು ಉತ್ತರ ಬರೆಯುವ ಈ ಕಾಲದಲ್ಲಿ ಮೊದಲಿಗಿಂತ ಹೆಚ್ಚು ಬೇಕು. ಲಕ್ಷಾಂತರ ಉದಾಹರಣೆ ನೋಡಿ ಯಂತ್ರ ಕಲಿತದ್ದನ್ನು, ಕೆಲವೇ ದೂರಗಳ ಪಟ್ಟಿ ಮತ್ತು ಗಟ್ಟಿ ತರ್ಕದಿಂದ ಮದ್ರಾಸಿನ ಮೂವರು ಬೇರೆ ದಾರಿಯಲ್ಲಿ ಕಂಡಿದ್ದರು. ಆ ಕಾರಣಕ್ಕೇ ಅವರ ನಕ್ಷೆಗೆ ಯಂತ್ರವನ್ನು ಪರೀಕ್ಷಿಸುವ ಅರ್ಹತೆ ಇದೆ. ಟೀಕೆ ಬಂದಾಗ ಮುನಿಸಿಕೊಳ್ಳದೆ ಎಲ್ಲರಿಗೂ ಅನ್ವಯಿಸುವ ಅಳತೆಗೋಲು ಮಾಡಿಕೊಟ್ಟದ್ದು ರಾಮಚಂದ್ರನ್ ಬಿಟ್ಟುಹೋದ ಆಸ್ತಿ.

ಶಾಖೆಗಳಿಗೆ ಮನವಿ

ಅಕ್ಟೋಬರ್ 8 ಅವರ ಜನ್ಮದಿನ. ಸಾಧ್ಯವಾದ ಶಾಖೆಗಳು ಆ ವಾರದ ಯಾವುದಾದರೂ ಸಂಜೆ ಮಕ್ಕಳನ್ನು ಸೇರಿಸಿ ಒಂದು ಚಿಕ್ಕ ಕಾರ್ಯಕ್ರಮ ಮಾಡಬೇಕಾಗಿ ಕೋರಿಕೆ. ಖರ್ಚಿಲ್ಲ. ಮನೆಯಲ್ಲಿ ಉಳಿದಿರುವ ಹಳೆಯ ಲಗ್ನಪತ್ರಿಕೆಗಳು ಹತ್ತು, ಸ್ವಲ್ಪ ದಾರ, ಹತ್ತು ಅಂಗಿ ಗುಂಡಿ ಸಾಕು. ಎದುರುಬದುರು ಮೂಲೆಗಳಿಗೆ ತೂತು ಮಾಡಿ ಪತ್ರಿಕೆಗಳನ್ನು ಸರವಾಗಿ ಕಟ್ಟಿಸಿ. ಮೊದಲು ಗುಂಡಿ ಇಲ್ಲದೆ ತಿರುಗಿಸಲು ಹೇಳಿ. ಆಮೇಲೆ ಪ್ರತಿ ಗಂಟಿಗೂ ಒಂದು ಗುಂಡಿ ಕಟ್ಟಿಸಿ ಮತ್ತೆ ತಿರುಗಿಸಲು ಹೇಳಿ. ಮೊದಲು ಸಲೀಸಾಗಿ ಬರುತ್ತಿದ್ದ ಎಷ್ಟೋ ತಿರುವುಗಳಿಗೆ ಈಗ ಗುಂಡಿ ಅಡ್ಡ ಬರುತ್ತದೆ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಮಕ್ಕಳೇ ಒಂದು ಹಾಳೆಯಲ್ಲಿ ಗುರುತು ಹಾಕಲಿ. ಅವರು ಬರೆದದ್ದು ರಾಮಚಂದ್ರನ್ ನಕ್ಷೆಯ ಒಂದು ಪುಟ್ಟ ರೂಪವೇ ಆಗಿರುತ್ತದೆ.

ವಿವರಣೆಯನ್ನು ಕನ್ನಡದಲ್ಲೇ ಕೊಡಿ. ಮಲಯಾಳಂ, ತಮಿಳು, ಮರಾಠಿ, ತೆಲುಗು ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ವಿಜ್ಞಾನವನ್ನು ಮನೆಮಾತಿನಲ್ಲೂ ಹೇಳಬಹುದು ಎಂದು ಒಮ್ಮೆಯಾದರೂ ಅನಿಸಲಿ. ಕಾರ್ಯಕ್ರಮದ ನಾಲ್ಕು ಸಾಲಿನ ವರದಿ ಮತ್ತು ಒಂದು ಫೋಟೋ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.


ಕಾರ್ಯದರ್ಶಿ